ಸೋಮವಾರದ ಗುಳಿಗೆ ಮತ್ತು ಐನೂರು ತಾಸಿನ ಸಹಿ

ಔಷಧ ಅಂಗಡಿಯಲ್ಲಿ ನಿಂತು ನಿಮ್ಮ ಕೈಗೆ ಗುಳಿಗೆ ಕೊಡುವ ಅಧಿಕಾರ ಬೇಕೆಂದರೆ, ಡಿ.ಫಾರ್ಮ ಓದಿದವರು ಕನಿಷ್ಠ ಮೂರು ತಿಂಗಳಲ್ಲಿ ಐನೂರು ತಾಸು ತರಬೇತಿ ಮುಗಿಸಬೇಕು. ಅದರಲ್ಲಿ ಅರ್ಧದಷ್ಟು ತಾಸು ಡಾಕ್ಟರ ಚೀಟಿ ಓದಿ ರೋಗಿಗೆ ಔಷಧ ಕೊಡುವ ಕೆಲಸದಲ್ಲೇ ಕಳೆಯಬೇಕು. ಪರೀಕ್ಷೆ ಪಾಸಾದರೆ ಸಾಲದು. ಈ ಹುಡುಗ ಬಂದಿದ್ದ, ನಿಂತಿದ್ದ, ಕಲಿತ ಎಂದು ತರಬೇತಿ ಕೊಟ್ಟವರು ಸಹಿ ಹಾಕಬೇಕು. ಸಹಿ ಬಿದ್ದ ಮೇಲೆ ನೋಂದಣಿ. ನೋಂದಣಿ ಆದ ಮೇಲೆ ಅಂಗಡಿಯ ಗೋಡೆಯ ಮೇಲೆ ಗಾಜಿನ ಚೌಕಟ್ಟು.

ಆ ಚೌಕಟ್ಟನ್ನು ನೀವು ನೂರು ಸಲ ನೋಡಿದ್ದೀರಿ. ಪಕ್ಕದಲ್ಲಿ ದೇವರ ಫೋಟೊ, ಕೆಳಗೆ ಊದಿನಕಡ್ಡಿ. ಆ ಐನೂರು ತಾಸು ಎಲ್ಲಿ ಕಳೆದವು, ಯಾರು ಸಹಿ ಹಾಕಿದರು ಎಂದು ಒಮ್ಮೆಯೂ ಕೇಳಿಲ್ಲ. ನಾನೂ ಕೇಳಿರಲಿಲ್ಲ. ಇದು ಹಾಗೆ ಸಹಿ ಹಾಕಿದ ಒಬ್ಬ ಹೆಣ್ಣುಮಗಳ ಕತೆ.

ಅವರ ಹೆಸರು ರೋಹಿಣಿ ಶಲವಡಿ. ವಯಸ್ಸು ಐವತ್ತೊಂಬತ್ತು. ಅಣ್ಣಿಗೇರಿಯ ಒಂದು ಧರ್ಮಾರ್ಥ ಆಸ್ಪತ್ರೆಯಲ್ಲಿ ಇಪ್ಪತ್ತೇಳು ವರ್ಷದಿಂದ ಫಾರ್ಮಾಸಿಸ್ಟ್. ಐವತ್ತು ಹಾಸಿಗೆಯ ಆಸ್ಪತ್ರೆ, ಔಷಧ ಕೊಡಲು ಒಂದೇ ಕಿಟಕಿ. ಕಿಟಕಿಯ ಆಚೆ ಸಾಲು, ಈಚೆ ಅವರು. ಊರವರಿಗೆ ಫಾರ್ಮಾಸಿಸ್ಟ್ ಎಂಬ ಶಬ್ದ ಬಾಯಿಗೆ ಹೊರಳುವುದಿಲ್ಲ, "ಗುಳಿಗಿ ಬಾಯಾರು" ಎನ್ನುತ್ತಾರೆ. ದಿನಕ್ಕೆ ನೂರಿಪ್ಪತ್ತು ಚೀಟಿ, ಹಿಂಗಾರಿ ಬಿತ್ತಿಗೆ ಮುಗಿದ ಮೇಲೆ ಇನ್ನೂ ನಲವತ್ತು ಹೆಚ್ಚು. ಮೊಣಕಾಲು ಹೋಗಿವೆ. ಅವರು ಕೂತಲ್ಲಿಂದ ಏಳುವುದು ಮಧ್ಯಾಹ್ನ ಎರಡಕ್ಕೆ, ಅದೂ ಕಪಾಟು ಹಿಡಿದುಕೊಂಡು.

ಅವರ ಕೆಲಸದಲ್ಲಿ ಎರಡು ಹಟಗಳಿದ್ದವು. ಮೊದಲನೆಯದು ಕತ್ತರಿಯದು. ಹತ್ತು ಗುಳಿಗೆಯ ಪಟ್ಟಿಯಿಂದ ನಾಲ್ಕು ಕೊಡಬೇಕಾದರೆ ನಾವು ನೀವೆಲ್ಲ ನೋಡಿದಂತೆ ಕಚಕ್ಕನೆ ಕತ್ತರಿಸಿ ಕೊಡುತ್ತಾರಲ್ಲ, ಆಗ ಗುಳಿಗೆಯ ಹೆಸರು ಒಂದು ತುಂಡಿಗೆ, ತಾರೀಖು ಇನ್ನೊಂದು ತುಂಡಿಗೆ ಹೋಗುತ್ತದೆ. ರೋಹಿಣಿ ಹೆಸರಿರುವ ತುಂಡನ್ನೇ ರೋಗಿಗೆ ಕೊಡುತ್ತಿದ್ದರು. ಹೆಸರು ಉಳಿಯದಿದ್ದರೆ ಕಾಗದದ ಪಾಕೀಟಿನ ಮೇಲೆ ತಾವೇ ಕನ್ನಡದಲ್ಲಿ ಬರೆಯುತ್ತಿದ್ದರು.

ಎರಡನೆಯದು, ಹೇಳಿದ್ದನ್ನು ತಿರುಗಿ ಹೇಳಿಸುವುದು. ಔಷಧ ಕೊಟ್ಟು, ಹೇಗೆ ತೆಗೆದುಕೊಳ್ಳಬೇಕು ಎಂದು ಹೇಳಿ, ಪಾಕೀಟನ್ನು ಕೈಯಲ್ಲೇ ಹಿಡಿದುಕೊಂಡು ಕೇಳುತ್ತಿದ್ದರು: "ಈಗ ನೀವು ನನಗ ಹೇಳ್ರಿ."

"ನಾ ಏನ್ ಹೇಳ್ಲಿಬೇ? ಈಗರ ನೀನ ಹೇಳಿದಿ" ಎಂದು ಸಕ್ಕರೆ ಕಾಯಿಲೆಯ ಶರೀಫಾಬಿ ಒಮ್ಮೆ ಜಗಳಕ್ಕೇ ನಿಂತಳು.

"ನಾ ಹೇಳಿದ್ದು ನಿಮಗ ತಿಳೀತೋ ಇಲ್ಲೋ, ನನಗ ಹ್ಯಾಂಗ ಗೊತ್ತಾಗಬೇಕ್ರಿ?"

"ಸಾಲಿಗೆ ಹೋಗ ಅಂತ ನಮ್ಮಪ್ಪ ಸುದ್ದಾ ಬೈದಿದ್ದಿಲ್ಲ. ಈಗ ಹಲ್ಲ ಬಿದ್ದಮ್ಯಾಲೆ ನೀ ಪಾಠ ಒಪ್ಪಿಸ್ಕೊಳ್ಳಾಕ ಹತ್ತೀದಿ ನೋಡು." ಸಾಲು ನಕ್ಕಿತು. ಶರೀಫಾಬಿ ಮಾತ್ರ ಪಾಠ ಒಪ್ಪಿಸಿಯೇ ಪಾಕೀಟು ಇಸಿದುಕೊಂಡಳು.

ವಾರಕ್ಕೆ ಒಂದೇ ಸಲ ನುಂಗಬೇಕಾದ ಗುಳಿಗೆಗಳಿರುತ್ತವೆ. ಸಂದುವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ಅಂಥದ್ದು. ಸಣ್ಣ ಹಳದಿ ಗುಳಿಗೆ. ವಾರಕ್ಕೊಮ್ಮೆ ನುಂಗಿದರೆ ಕೈಕಾಲು ಆಡುತ್ತವೆ. ದಿನಾ ನುಂಗಿದರೆ ಬಾಯಿಂದ ಹಿಡಿದು ಕರುಳಿನ ತನಕ ಹುಣ್ಣಾಗಿ, ರಕ್ತ ಹುಟ್ಟುವುದೇ ನಿಂತು, ಮನುಷ್ಯ ಉಳಿಯುವುದಿಲ್ಲ. ಅದರ ಜೊತೆಗೆ ಕೊಡುವ ಫೋಲಿಕ್ ಆಸಿಡ್ ಕೂಡ ಸಣ್ಣ ಹಳದಿ ಗುಳಿಗೆಯೇ. ಅದನ್ನು ಉಳಿದ ಆರು ದಿನ ತೆಗೆದುಕೊಳ್ಳಬೇಕು. ಓದು ಬಾರದವರಿಗೆ ಇದನ್ನು ತಿಳಿಸುವುದು ಹೇಗೆ? ರೋಹಿಣಿ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ. "ನೀವು ಯಾವ ವಾರ ಹಿಡೀತೀರಿ?"

ನಮ್ಮ ಕಡೆ ದೇವರಿಗೆಂದು ವಾರ ಹಿಡಿಯದ ಮನೆ ಕಡಿಮೆ. ಸೋಮವಾರ ಒಪ್ಪತ್ತು ಮಾಡುವವರಿಗೆ ಅದು ಸೋಮವಾರದ ಗುಳಿಗೆಯಾಯಿತು. ಶನಿವಾರ ಹನುಮಪ್ಪನ ಗುಡಿಗೆ ಹೋಗುವವರಿಗೆ ಶನಿವಾರದ್ದು. ಜುಮ್ಮಾ ನಮಾಜಿನ ಮನೆಗಳಿಗೆ ಶುಕ್ರವಾರದ್ದು. ಊಟ ತಪ್ಪಿದರೂ ಹಿಡಿದ ವಾರ ತಪ್ಪಿಸದ ಜನ ಗುಳಿಗೆಯನ್ನೂ ತಪ್ಪಿಸಲಿಲ್ಲ. ಇದನ್ನು ಯಾವ ಪುಸ್ತಕವೂ ರೋಹಿಣಿಗೆ ಹೇಳಿಕೊಟ್ಟಿರಲಿಲ್ಲ. ಕಿಟಕಿಯಲ್ಲಿ ಕೂತು ಕೂತು ಹೊಳೆದದ್ದು. ತರಬೇತಿ ಅಂದರೆ ಇದನ್ನು ಕಲಿಯುವುದು. ಅದಕ್ಕೇ ಕಾನೂನು ಐನೂರು ತಾಸು ಕೇಳುವುದು.

ಈಗ ಆ ತಾಸುಗಳ ಕತೆ.

ಹತ್ತಿರದ ಒಂದು ಫಾರ್ಮಸಿ ಕಾಲೇಜಿನವರು ಪ್ರತಿ ವರ್ಷ ಏಳೆಂಟು ವಿದ್ಯಾರ್ಥಿಗಳನ್ನು ಈ ಆಸ್ಪತ್ರೆಗೆ ಕಳಿಸುತ್ತಾರೆ. ಕಾಗದದ ಮೇಲೆ ಕಳಿಸುತ್ತಾರೆ. ಮೊದಲ ದಿನ ಎಲ್ಲರೂ ಬಂದು ಬಿಳಿ ಕೋಟು ಹಾಕಿಕೊಂಡು ಕಿಟಕಿಯ ಮುಂದೆ ಫೋಟೊ ತೆಗೆಸಿಕೊಳ್ಳುತ್ತಾರೆ. ಎಂಟು ಜನಕ್ಕೆ ಕೋಟು ಮೂರೇ ಇರುವುದರಿಂದ ಫೋಟೊ ಮೂರು ಕಂತಿನಲ್ಲಿ ಆಗುತ್ತದೆ. ಆಮೇಲೆ ಅವರು ಕಾಣುವುದು ಕೊನೆಯ ದಿನ. ಅಂದು ಬೆಂಚಿನ ಮೇಲೆ ಸಾಲಾಗಿ ಕೂತು ಮೂರು ತಿಂಗಳ ಹಾಜರಿಯನ್ನು ಒಂದೇ ತಾಸಿನಲ್ಲಿ ತುಂಬುತ್ತಾರೆ. ಒಂದೇ ಪೆನ್ನಾದರೆ ಸಂಶಯ ಬರುತ್ತದೆಂದು ಪೆನ್ನು ಬದಲಿಸುತ್ತಾರೆ. ರೋಹಿಣಿಯ ಮೇಜಿನ ಮೇಲಿನ ಪೆನ್ನನ್ನೂ ಕೇಳಿ ಇಸಿದುಕೊಳ್ಳುತ್ತಾರೆ. ಅವರು ಕೊಡುತ್ತಾರೆ.

ಮೊದಲು ಕೊಡುತ್ತಿರಲಿಲ್ಲ. ಹದಿನಾಲ್ಕು ವರ್ಷದ ಹಿಂದೆ ಒಂದು ತಂಡದ ಅರ್ಜಿಗಳನ್ನೆಲ್ಲ ಸಹಿ ಹಾಕದೆ ವಾಪಸು ಕಳಿಸಿದ್ದರು. ಆಸ್ಪತ್ರೆಯ ಟ್ರಸ್ಟಿನ ಕಾರ್ಯದರ್ಶಿ ಅವರನ್ನು ಕರೆಸಿ ಚಹಾ ಕುಡಿಸಿದರು.

"ಬಾಯಾರ, ಮಕ್ಕಳ ಭವಿಷ್ಯದ ಪ್ರಶ್ನಿರಿ ಇದು."

"ರೋಗಿಗಳ್ದೂ ಐತ್ರಿ ಸಾಹೇಬ್ರ."

"ರೋಗಿಗಳಿಗೆ ನೀವ ಇದ್ದೀರಲ್ಲ. ಆ ಹುಡುಗೂರು ಎಲ್ಲಾದರೂ ಹೋಗಿ ಕಲೀತಾವ. ನೀರಾಗ ಬಿದ್ದಮ್ಯಾಲೆ ಈಜಾಕ ಬಂದ ಬರ್ತೈತಿ. ಕಾಲೇಜಿನವರು ನಮಗ ಬೇಕಾದವರು. ವರ್ಷಕ್ಕೊಮ್ಮೆ ಆರೋಗ್ಯ ಶಿಬಿರ ಮಾಡಿಸಿಕೊಡ್ತಾರ. ನೀವೊಬ್ಬರ ಅಡ್ಡ ನಿಂತ್ರ ಹ್ಯಾಂಗ?"

ರೋಹಿಣಿ ಅಂದು ಸಹಿ ಹಾಕಲಿಲ್ಲ. ಆಸ್ಪತ್ರೆಯ ಇನ್ಯಾರದೋ ಸಹಿ ಬಿತ್ತು. ಮರುವರ್ಷ ಮತ್ತೆ ಚಹಾ, ಮತ್ತೆ ಭವಿಷ್ಯ. ಅದರ ಮರುವರ್ಷ ಅವರ ಗಂಡನಿಗೆ ಪಾರ್ಶ್ವವಾಯು ಹೊಡೆಯಿತು. ರಜೆ ಬೇಕಾಗಿತ್ತು. ಆ ವರ್ಷ ಚಹಾ ಬರುವ ಮೊದಲೇ ಸಹಿ ಹಾಕಿಕೊಟ್ಟರು. ಅಲ್ಲಿಂದ ಮುಂದೆ ಅದು ರೂಢಿಯಾಯಿತು. ಕೈ ತಾನಾಗಿ ಹೋಗುತ್ತಿತ್ತು ಎಂದು ಅವರೇ ನನಗೆ ಹೇಳಿದರು. ಹೇಳುವಾಗ ಅವರ ಮುಖದಲ್ಲಿ ಪಶ್ಚಾತ್ತಾಪ ಹುಡುಕಿದೆ. ಕಂಡದ್ದು ಬರೀ ದಣಿವು.

ಆರು ವರ್ಷದ ಹಿಂದೆ ಹಾಗೆ ಸಹಿ ಹಾಕಿಸಿಕೊಂಡು ಹೋದವರಲ್ಲಿ ಸುಭಾಸ ಒಬ್ಬ. ಒಳ್ಳೆಯ ನಡತೆಯ ಹುಡುಗ. ತರಬೇತಿಯ ಮೂರು ತಿಂಗಳು ಅವನು ಹುಬ್ಬಳ್ಳಿಯಲ್ಲಿ ಅಕ್ಕನ ಗಂಡನ ಮೊಬೈಲ್ ಅಂಗಡಿಯಲ್ಲಿದ್ದ. ಆಮೇಲೆ ನವಲಗುಂದ ರಸ್ತೆಯ ತನ್ನ ಹಳ್ಳಿಯಲ್ಲಿ ಔಷಧ ಅಂಗಡಿ ಇಟ್ಟ. ಹಳ್ಳಿಗೆ ಅದೊಂದೇ ಅಂಗಡಿ. ಕೊರೊನಾ ಕಾಲದಲ್ಲಿ ಮನೆಮನೆಗೆ ಹೋಗಿ ಔಷಧ ಮುಟ್ಟಿಸಿದ. ಅವನನ್ನು ಕೆಟ್ಟವನೆಂದು ಬರೆಯಲು ಕೂತರೆ ನನ್ನ ಪೆನ್ನು ಓಡುವುದಿಲ್ಲ. ಅವನು ಕೆಟ್ಟವನಾಗಿದ್ದರೆ ಈ ಲೇಖನ ಸುಲಭವಾಗುತ್ತಿತ್ತು.

ಅದೇ ಹಳ್ಳಿಯವಳು ಮಹಾದೇವಕ್ಕ. ಐವತ್ತೈದರ ಆಸುಪಾಸು. ನಾಲ್ಕು ವರ್ಷದ ಹಿಂದೆ ಸಂದುವಾತದಿಂದ ಅವಳ ಬೆರಳು ಮಡಚಿ, ರೊಟ್ಟಿ ಬಡಿಯಲಾಗದೆ, ತಲೆಯ ಸೆರಗನ್ನು ಸೊಸೆಯಿಂದ ಸರಿಮಾಡಿಸಿಕೊಳ್ಳುವ ಸ್ಥಿತಿ ಬಂದಿತ್ತು. ಹುಬ್ಬಳ್ಳಿಯ ಡಾಕ್ಟರು ವಾರದ ಗುಳಿಗೆ ಬರೆದರು. ಅದನ್ನು ಅಣ್ಣಿಗೇರಿಯ ಕಿಟಕಿಯಲ್ಲಿ ತೆಗೆದುಕೊಳ್ಳುತ್ತ ಬಂದಳು. ಅವಳು ಹಿಡಿಯುವುದು ಸೋಮವಾರ. ಒಪ್ಪತ್ತಿನ ಊಟ ಮುಗಿಸಿ ಸೋಮವಾರದ ಗುಳಿಗೆ ನುಂಗುತ್ತಿದ್ದಳು. ಆರು ತಿಂಗಳಲ್ಲಿ ಬೆರಳು ಬಿಚ್ಚಿದವು. ಅಂದಿನಿಂದ ತಿಂಗಳಿಗೊಮ್ಮೆ ಬಂದಾಗ ರೋಹಿಣಿಗೆಂದು ಎರಡು ರೊಟ್ಟಿ, ಒಂದು ಉಂಡಿ ಶೇಂಗಾ ಹಿಂಡಿ ಚಟ್ನಿ ತಪ್ಪಿಸಿದವಳಲ್ಲ. "ಬಡದಿದ್ದು ನಾನ ಬಾಯಾರ, ಸೊಸಿ ಅಲ್ಲ" ಎಂದು ಪ್ರತಿಸಲವೂ ಹೇಳುತ್ತಿದ್ದಳು.

ಕಳೆದ ವರ್ಷ ಶ್ರಾವಣಕ್ಕೆ ಮುಂಚೆ ಆಸ್ಪತ್ರೆಯಲ್ಲಿ ಆ ಗುಳಿಗೆ ಖಾಲಿಯಾಯಿತು. ಬರಬೇಕಾದ ಮಾಲು ಬರಲಿಲ್ಲ. ರೋಹಿಣಿ ಅವಳ ಚೀಟಿ ವಾಪಸು ಕೊಟ್ಟು, ಹೊರಗೆ ತೆಗೆದುಕೊ, ಸೋಮವಾರದ್ದು ಮರೀಬ್ಯಾಡ ಎಂದು ಹೇಳಿ ಕಳಿಸಿದರು. ಮಹಾದೇವಕ್ಕ ಊರಿಗೆ ಹೋಗಿ ಸುಭಾಸನ ಅಂಗಡಿಗೆ ಹೋದಳು. ಅಲ್ಲಿ ನಡೆದದ್ದನ್ನು ಆಮೇಲೆ ಇಬ್ಬರೂ ಒಂದೇ ರೀತಿ ಹೇಳಿದರು, ಇಬ್ಬರೂ ಏನನ್ನೂ ಮುಚ್ಚಿಡಲಿಲ್ಲ.

ಸುಭಾಸ ಎರಡೂ ಗುಳಿಗೆಗಳ ಪಟ್ಟಿ ತೆಗೆದು, ಬೇಕಾದಷ್ಟು ಕತ್ತರಿಸಿ, ಒಂದೇ ಪಾಕೀಟಿಗೆ ಹಾಕಿದ.

"ಇದರಾಗ ಸ್ವಾಮವಾರದ್ದು ಯಾವುದೋ ತಮ್ಮಾ?"

"ಸ್ವಾಮವಾರದ್ದು ಅಂತ ಗುಳಿಗಿ ಇರತಾವೇನ ದೊಡ್ಡವ್ವ? ಗುಳಿಗಿಗೆ ಯಾವ ದೇವರೂ ಇಲ್ಲ. ಎರಡೂ ದಿನಾ ಒಂದೊಂದು."

"ಬಾಯಾರು ವಾರಕ್ಕೊಂದ ಅಂತಿದ್ರು."

"ಅದು ಆ ಕಂಪನಿದು ಇರಬೇಕು. ಇದು ಬ್ಯಾರೆ. ಅಂಗಡಿ ನಂದೋ, ನಿಂದೋ?"

ಅವನು ನಗುತ್ತ ಹೇಳಿದ್ದ. ಅವಳೂ ನಕ್ಕಳು. ಆಸ್ಪತ್ರೆಯ ಗುಳಿಗೆಯ ಪಟ್ಟಿ ಬೇರೆ ಬಣ್ಣದ್ದಿತ್ತು, ಹಾಗಾಗಿ ನಂಬಿಕೆಯೂ ಬಂತು. ಊರ ಹುಡುಗ, ತಲೆಯ ಮೇಲೆ ಗಾಜಿನ ಚೌಕಟ್ಟು. ಮನೆಗೆ ಬಂದು ಸೊಸೆ ಲಕ್ಷ್ಮವ್ವನಿಗೆ, "ಇನ್ನ ಏಳೂ ವಾರ ಹಿಡದಂಗ ಆತು ನೋಡು" ಎಂದಳಂತೆ. ಬಾಜೂ ಮನೆಯ ಹೆಂಗಸರು ಒಂದು ವಾರ ಅದನ್ನೇ ಆಡಿಕೊಂಡು ನಕ್ಕರು.

ಏಳನೆಯ ದಿನ ಬಾಯಲ್ಲಿ ಹುಣ್ಣು ಕಾಣಿಸಿತು. ಖಾರ ಮುಟ್ಟಲು ಆಗಲಿಲ್ಲ. ಮನೆಯಲ್ಲಿ ಉಷ್ಣ ಎಂದರು. ಸುಭಾಸನೂ ಉಷ್ಣವೇ ಎಂದು ಬಿ-ಕಾಂಪ್ಲೆಕ್ಸ್ ಗುಳಿಗೆ, ಹಚ್ಚಲು ಮುಲಾಮು ಕೊಟ್ಟು, ಮಜ್ಜಿಗೆ ಕುಡಿಯಲು ಹೇಳಿದ. ವಾರದ ಗುಳಿಗೆ ತೆಗೆದುಕೊಳ್ಳುವವರ ಬಾಯಲ್ಲಿ ಹುಣ್ಣು ಕಂಡರೆ ಮೊದಲು ಆ ಗುಳಿಗೆ ನಿಲ್ಲಿಸಿ ಡಾಕ್ಟರ ಕಡೆ ಓಡಿಸಬೇಕು. ರೋಹಿಣಿಯ ಕಿಟಕಿಯಲ್ಲಿ ಒಂದು ತಿಂಗಳು ನಿಂತ ಯಾರಿಗಾದರೂ ಇದು ಗೊತ್ತಿರುತ್ತಿತ್ತು. ಸುಭಾಸ ಮೂರು ತಿಂಗಳು ನಿಂತಿದ್ದ ಎಂದು ರೋಹಿಣಿಯ ಸಹಿ ಹೇಳುತ್ತಿತ್ತು.

ಮಹಾದೇವಕ್ಕನ ಬಾಯಿ ಹುಣ್ಣಾದ ಆ ಕಳೆದ ವರ್ಷ, ಕಾಲೇಜು ಕಳಿಸಿದ ಎಂಟು ವಿದ್ಯಾರ್ಥಿಗಳಲ್ಲಿ ಒಬ್ಬಳು ಮಾತ್ರ ದಿನಾ ಬರುತ್ತಿದ್ದಳು. ಸೀಮಾ. ಕುರಿ ಕಾಯುವ ಹನಮಂತಪ್ಪನ ಮಗಳು, ನವಲಗುಂದದ ಕಡೆಯವಳು. ಫೋಟೊ ಮುಗಿದ ಮರುದಿನ ಬೆಳಿಗ್ಗೆ ಅವಳು ಕಿಟಕಿಯ ಕೋಣೆಯ ಬಾಗಿಲಲ್ಲಿ ನಿಂತಿದ್ದನ್ನು ಕಂಡು ರೋಹಿಣಿ ಕೇಳಿದ್ದರು: "ಏನರ ಬಿಟ್ಟ ಹೋಗಿದ್ದೇನವಾ?"

"ಇಲ್ರಿ, ತರಬೇತಿಗೆ ಬಂದೀನ್ರಿ."

"ಉಳಿದವ್ರೆಲ್ಲಿ?"

"ಅವರು ಬರಂಗಿಲ್ರಿ. ನೀವ ಬರೂದು ಬ್ಯಾಡ ಅಂದ್ರಿ ಅಂತ ಹೇಳಿದ್ರು."

"ನಾ ಯಾವಾಗ ಅಂದೆ?" ಎಂದು ಕೇಳಿದರು ರೋಹಿಣಿ. ಬರಬೇಡಿ ಎಂದು ಅವರು ಅಂದಿರಲಿಲ್ಲ. ಬನ್ನಿ ಎಂದೂ ಅಂದಿರಲಿಲ್ಲ. ಕೂರಲು ಕುರ್ಚಿ ಇರಲಿಲ್ಲ, ಸಲಾಯಿನ್ ಬಾಟಲಿಗಳ ಖಾಲಿ ಪೆಟ್ಟಿಗೆಯನ್ನು ಬೋರಲು ಹಾಕಿಕೊಟ್ಟರು. ಎರಡು ತಿಂಗಳು ಸೀಮಾ ಆ ಪೆಟ್ಟಿಗೆಯ ಮೇಲೆ ಕೂತು ಚೀಟಿ ಓದಿದಳು, ಎದ್ದು ನಿಂತು ರೋಗಿಗಳ ಪಾಠ ಒಪ್ಪಿಸಿಕೊಂಡಳು. ಪೆಟ್ಟಿಗೆ ಕುಸಿದಾಗ ಇನ್ನೊಂದು ತಂದುಕೊಂಡಳು.

ಮಾಲು ಬಂದ ಸುದ್ದಿ ಕೇಳಿ ಮಹಾದೇವಕ್ಕ ಅಣ್ಣಿಗೇರಿಗೆ ಬಂದದ್ದು ಒಂದು ಸೋಮವಾರ. ದೂರು ಹೇಳಲು ಬಂದವಳಲ್ಲ, ಮುಂದಿನ ತಿಂಗಳ ಗುಳಿಗೆ ತೆಗೆದುಕೊಂಡು ಹೋಗಲು ಬಂದವಳು. ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ಸಾಲು ಗೇಟಿನ ತನಕ ಇತ್ತು. ರೋಹಿಣಿ ಇನ್ನೊಬ್ಬರ ಇನ್ಸುಲಿನ್ ಲೆಕ್ಕ ನೋಡುತ್ತಿದ್ದವರು ತಲೆ ಎತ್ತಿ ಚೀಟಿ ನೋಡಿದರು, ಮುಖ ನೋಡಲಿಲ್ಲ.

"ಸೀಮಾ, ಇವರಿಗೆ ವಾರದ ಗುಳಿಗಿ ಕೊಟ್ಟ ಕಳಸು. ಹಳೇರು. ಎಲ್ಲಾ ಗೊತ್ತೈತಿ ಇವರಿಗೆ, ಕೇಳಕೊಂತ ನಿಂದರಬ್ಯಾಡ, ಸಾಲ ಭಾಳ ಐತಿ."

ಇಪ್ಪತ್ತೇಳು ವರ್ಷ ಎಲ್ಲರನ್ನೂ ಕೇಳಿದ ಹೆಂಗಸು ಅಂದು ಕೇಳಬೇಡ ಎಂದಳು. ದಣಿದ ಮನುಷ್ಯರು ಹೀಗೆಯೇ ತಪ್ಪುತ್ತಾರೆ, ತಮಗೆ ಚೆನ್ನಾಗಿ ಗೊತ್ತಿರುವವರ ವಿಷಯದಲ್ಲಿ.

ಸೀಮಾ ಮಾತು ಕೇಳಲಿಲ್ಲ. ಎಂಟು ವಾರದ ಅಭ್ಯಾಸ, ಬಾಯಿ ತಾನಾಗಿ ಕೇಳಿತು. "ಹ್ಯಾಂಗ ತಗೋತೀರಿ ದೊಡ್ಡವ್ವ, ಹೇಳ್ರಿ."

ಮಹಾದೇವಕ್ಕನಿಗೆ ಮಾತಾಡಲು ಆಗಲಿಲ್ಲ. ಬೆರಳಿನ ಗೆಣ್ಣು ಎಣಿಸಿ ತೋರಿಸಿದಳು. ಒಂದು, ಎರಡು, ಮೂರು, ಏಳರ ತನಕ.

"ಅದಲ್ರಿ. ಅದು ಫೋಲಿಕ್ದು. ವಾರದ್ದು ಹ್ಯಾಂಗ ತಗೋತೀರಿ?"

ಮತ್ತೆ ಏಳು ಗೆಣ್ಣು. ಆಮೇಲೆ ಅವಳು ಎಲೆ ಅಡಿಕೆಯ ಚೀಲದಿಂದ ಸುಭಾಸನ ಪಾಕೀಟು ತೆಗೆದು ಕಿಟಕಿಯ ಕಟ್ಟೆಯ ಮೇಲೆ ಸುರಿದಳು. ಹೆಸರಿಲ್ಲದ ತುಂಡುಗಳು. ಎಲ್ಲಾ ಹಳದಿ. ಅರ್ಧ ಖಾಲಿ. ಸೀಮಾ ಅವುಗಳನ್ನು ಎರಡು ಗುಂಪು ಮಾಡಿ, ಖಾಲಿ ಗೂಡುಗಳನ್ನು ಎಣಿಸಿ, ರೋಹಿಣಿಯ ಮೊಣಕೈ ಮುಟ್ಟಿದಳು.

"ಬಾಯಾರ, ವಾರದ್ದನ್ನ ಹನ್ನೊಂದು ದಿನದಾಗ ಹನ್ನೊಂದು ತಗೊಂಡಾರ್ರಿ."

ಆಗ ರೋಹಿಣಿ ಮುಖ ನೋಡಿದರು. "ಸೆರಗ ತಗೀವಾ." ತುಟಿ ಒಡೆದು ಕಪ್ಪಾಗಿತ್ತು. ಬಾಯೊಳಗೆ ಬಿಳಿ ಪದರ. ರೋಹಿಣಿ ಕಪಾಟು ಹಿಡಿಯದೆ ಎದ್ದರು. ಬೆಳಗಿನ ಸಾಲು ಇರುವಾಗ ಅವರು ಕಿಟಕಿ ಬಿಟ್ಟು ಹೊರಗೆ ಬಂದದ್ದನ್ನು ಜನ ನೋಡಿರಲಿಲ್ಲ.

"ಎಲ್ಲಿ ಹೊಂಟ್ರಿ ಬಾಯಾರ? ನಮ್ಮ ಗುಳಿಗಿ ಯಾರು ಕೊಡವ್ರು?"

"ನಿಂದರ್ರಿ."

"ಮುಂಜಾನಿಂದ ನಿಂತೀವಲ್ರಿ, ಇನ್ನೇನ್ ಕುಂತೀವೇನು?"

ಡಾಕ್ಟರು ನೋಡಿದ ಕೂಡಲೆ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಬರೆದರು. ಆಂಬ್ಯುಲೆನ್ಸ್ ಬರುವಷ್ಟರಲ್ಲಿ ರೋಹಿಣಿ ಕೆಂಪು ಪೆನ್ನಿನಿಂದ ದಪ್ಪ ಅಕ್ಷರದಲ್ಲಿ ಒಂದು ಹಾಳೆ ಬರೆದರು: ಯಾವ ಗುಳಿಗೆ, ಎಷ್ಟು, ಎಂದಿನಿಂದ. ಸುಭಾಸನ ಪಾಕೀಟನ್ನು ಅದಕ್ಕೆ ಪಿನ್ನು ಹಾಕಿ ಸಿಕ್ಕಿಸಿದರು. ಆ ಹಾಳೆ ನೋಡಿಯೇ ಅಲ್ಲಿ ವಿಷ ಇಳಿಸುವ ಮದ್ದು ತಡಮಾಡದೆ ಶುರು ಮಾಡಿದರು. ಅದಿಲ್ಲದಿದ್ದರೆ ಎರಡು ದಿನ ಜ್ವರದ ಪರೀಕ್ಷೆಯಲ್ಲೇ ಹೋಗುತ್ತಿದ್ದವು, ಅಷ್ಟು ದಿನ ಅವಳಲ್ಲಿ ಉಳಿದಿರಲಿಲ್ಲ ಎಂದು ಆಮೇಲೆ ಒಬ್ಬ ಡಾಕ್ಟರು ಲಕ್ಷ್ಮವ್ವನಿಗೆ ಹೇಳಿದರಂತೆ.

ಬಿಳಿ ರಕ್ತಕಣ ಇಳಿಯುತ್ತಲೇ ಹೋದವು. ಮೂರನೆಯ ದಿನ ಲಕ್ಷ್ಮವ್ವ ಫೋನಿನಲ್ಲಿ, "ಅತ್ತಿ ಕಣ್ಣ ತಗೀವಲ್ಲರ್ರಿ" ಎಂದು ಅತ್ತಳು. ಅಂದು ಮಧ್ಯಾಹ್ನ ರೋಹಿಣಿ ಬಸ್ಸು ಹತ್ತಿ ಸುಭಾಸನ ಅಂಗಡಿಗೆ ಹೋದರು.

ಅವನು ಎದ್ದು ನಿಂತ, ಕುರ್ಚಿ ಒರೆಸಿ ಕೊಟ್ಟ, ಕಾಲು ಮುಟ್ಟಲು ಬಗ್ಗಿದ. ಸುದ್ದಿ ಅವನಿಗೆ ಮುಟ್ಟಿತ್ತು. ಊಟ ಬಿಟ್ಟವನಂತೆ ಕಾಣುತ್ತಿದ್ದ.

"ವಾರಕ್ಕೊಂದು ಅಂತ ಚೀಟಿಯೊಳಗ ಬರದಿತ್ತಲ್ಲೋ ಸುಭಾಸ."

"ಇಂಗ್ಲೀಷಿನ್ಯಾಗ ಓ-ಡಬ್ಲ್ಯೂ ಅಂತ ಎರಡ ಅಕ್ಷರ ಇತ್ರಿ. ನನಗ ಅದು ಓ-ಡಿ, ದಿನಕ್ಕೊಂದು ಅಂತ ಕಾಣಸ್ತು."

"ಆಕಿ ಕೇಳಿದ್ಲಲ್ಲ, ಸ್ವಾಮವಾರದ್ದು ಯಾವುದು ಅಂತ. ನನಗ ಒಂದ ಫೋನ್ ಹಚ್ಚಬೇಕಾಗಿತ್ತು."

"ಹಳ್ಳಿ ಮಂದಿ ಏನರ ಅಂತಾರ ಅಂತ ಬಿಟ್ಟೆ. ನನಗ ಯಾರೂ ಇದನ್ನ ಹೇಳಿಕೊಟ್ಟಿಲ್ರಿ ಬಾಯಾರ."

"ನೀ ಬಂದಿದ್ರ ನಾ ಹೇಳಿಕೊಡ್ತಿದ್ದೆ."

ಸುಭಾಸ ಕುರ್ಚಿ ಒರೆಸಿದ ಬಟ್ಟೆಯನ್ನು ಮಡಚಿ ಇಟ್ಟ. "ಬಾ ಅಂತ ನೀವು ಕರೀಲಿಲ್ರಿ. ನಾ ಬರದಿದ್ರೂ ಸಹಿ ಮಾಡಿದ್ರಿ. ಇದರಾಗ ಕಲಿಯೂದು ಏನೂ ಇರಂಗಿಲ್ಲ, ಇದ್ದಿದ್ರ ಬಾಯಾರು ಬಿಡತಿದ್ದಿಲ್ಲ ಅಂತ ತಿಳಕೊಂಡೆ."

ಅವನು ಎದುರುತ್ತರ ಕೊಡಲು ಆಡಿದ ಮಾತಲ್ಲ ಅದು. ಇದ್ದದ್ದನ್ನು ಹೇಳಿದ. ರೋಹಿಣಿ ಗೋಡೆಯ ಮೇಲಿನ ಚೌಕಟ್ಟು ನೋಡಿದರು. ಅದರಲ್ಲಿ ಅವರ ಸಹಿ ಇರಲಿಲ್ಲ, ಆದರೆ ಅವರ ಸಹಿ ಇಲ್ಲದೆ ಅದು ಅಲ್ಲಿಗೆ ಏರುತ್ತಿರಲಿಲ್ಲ. "ನಾಳಿಂದ ಮುಂಜಾನೆ ಅಂಗಡಿ ತಗೀಬ್ಯಾಡ. ಕಿಟಕಿಗೆ ಬಾ" ಎಂದಷ್ಟೇ ಹೇಳಿ ಎದ್ದರು.

ಸುಭಾಸ ಬಂದ. ಇಪ್ಪತ್ತೆರಡು ದಿನ ಬಂದ. ಸೀಮಾಳ ಪಕ್ಕದಲ್ಲಿ ಇನ್ನೊಂದು ಸಲಾಯಿನ್ ಪೆಟ್ಟಿಗೆ ಬಿತ್ತು. ಶರೀಫಾಬಿ ಅವನನ್ನು ನೋಡಿ, "ಇಂವಾ ಮೀಸಿ ಬಂದಮ್ಯಾಲೆ ಸಾಲಿಗೆ ಬಂದಾನಲ್ಲಬೇ, ನನ್ನ ಬಾಜೂ ಕುಂದರಸು" ಎಂದಳು. ಇಪ್ಪತ್ಮೂರನೆಯ ದಿನ ಅವನ ಅಪ್ಪ ಅಂಗಡಿ ಮುಚ್ಚಿದ್ದಕ್ಕೆ ಜಗಳ ಮಾಡಿದ, ಊರವರೂ ಔಷಧ ಸಿಗುತ್ತಿಲ್ಲ ಎಂದು ಗೊಣಗಿದರು. ಅವನು ಬರುವುದು ನಿಂತಿತು. ಐನೂರು ತಾಸು ಆಗಲಿಲ್ಲ. ನೂರರ ಮೇಲೆ ಸ್ವಲ್ಪ ಆಗಿರಬಹುದು.

ಆ ತಿಂಗಳ ಕೊನೆಗೆ ಎಂಟು ಅರ್ಜಿ ಬಂದವು. ಎಂಟೂ ಜನ ಬೆಂಚಿನ ಮೇಲೆ ಕೂತರು. ಏಳು ಜನ ಪೆನ್ನು ಕೇಳಿದರು. ರೋಹಿಣಿ ಕೊಡಲಿಲ್ಲ. ಸೀಮಾಳ ಅರ್ಜಿಗೆ ಸಹಿ ಹಾಕಿ, ಉಳಿದ ಏಳನ್ನು ಹಾಗೇ ಮೇಲೆ ಕಳಿಸಿದರು. ಈ ಸಲ ಕಾರ್ಯದರ್ಶಿ ಚಹಾ ಕುಡಿಸಲಿಲ್ಲ.

"ಒಂದ ಕೇಸಿಗೆ ಹಿಂಗ ಮಾಡಿದ್ರ ಹ್ಯಾಂಗ್ರಿ? ಆ ಹೆಣ್ಣಮಗಳು ಸತ್ತಿಲ್ಲಲ್ಲ."

"ಇನ್ನೂ ಸತ್ತಿಲ್ರಿ" ಎಂದರು ರೋಹಿಣಿ.

ಏಳು ಅರ್ಜಿಗಳಿಗೂ ಅಂದು ಸಂಜೆಯೊಳಗೆ ಬೇರೊಬ್ಬರ ಸಹಿ ಬಿತ್ತು. ಮರುವಾರ ತರಬೇತಿಯ ಜವಾಬ್ದಾರಿಯಿಂದ ರೋಹಿಣಿಯನ್ನು ಬಿಡುಗಡೆ ಮಾಡಲಾಗಿದೆ ಎಂಬ ಕಾಗದ ಬಂತು. ವಯಸ್ಸು, ಆರೋಗ್ಯ ಎಂದು ಕಾರಣ ಬರೆದಿದ್ದರು. ಆ ಏಳು ಜನ ಈಗ ಎಲ್ಲೆಲ್ಲಿ ಅಂಗಡಿ ಇಟ್ಟಿದ್ದಾರೋ ನನಗೆ ಗೊತ್ತಿಲ್ಲ. ಒಂದು ನಿಮ್ಮ ಓಣಿಯಲ್ಲೇ ಇರಬಹುದು.

ಮಹಾದೇವಕ್ಕ ಉಳಿದಳು. ನಲವತ್ತು ದಿನದ ಮೇಲೆ ತಲೆಗೂದಲು ಉದುರಿಸಿಕೊಂಡು ಊರಿಗೆ ಬಂದಳು. ಸುಭಾಸ ಮನೆಗೆ ಹೋಗಿ ಹೊಸಲಿನ ಹೊರಗೆ ನಿಂತ. ಅವಳು ಒಳಗೆ ಕರೆದು ನೀರು ಕೊಡಿಸಿದಳು, ಬೈಯಲಿಲ್ಲ. ಆದರೆ ಅಂದಿನಿಂದ ಯಾವ ಗುಳಿಗೆಯನ್ನೂ ಬಾಯಿಗೆ ಹಾಕಲು ಒಪ್ಪಲಿಲ್ಲ. ಹುಬ್ಬಳ್ಳಿಯ ಡಾಕ್ಟರು ಮೂರು ತಿಂಗಳು ಬಿಟ್ಟು, ರಕ್ತ ಪರೀಕ್ಷೆ ಮಾಡಿ, ಮತ್ತೆ ವಾರದ ಗುಳಿಗೆಯನ್ನೇ ಸಣ್ಣ ಪ್ರಮಾಣದಲ್ಲಿ ಶುರು ಮಾಡಲು ಹೇಳಿದರು. ಅವಳು ಒಲ್ಲೆ ಎಂದಳು. ಬೆರಳು ಮತ್ತೆ ಮಡಚತೊಡಗಿದವು. ಸಂಕ್ರಾಂತಿಯ ಹೊತ್ತಿಗೆ ರೊಟ್ಟಿ ಬಡಿಯುವುದು ನಿಂತಿತು.

ಒಂದು ಸೋಮವಾರ ಲಕ್ಷ್ಮವ್ವ ಅವಳನ್ನು ಕಿಟಕಿಗೆ ಕರೆದುಕೊಂಡು ಬಂದಳು.

"ಗುಳಿಗಿ ಯಾಕ ಒಲ್ಲ್ಯಂತೀವಾ?" ಎಂದರು ರೋಹಿಣಿ.

"ಹಳದಿ ಕಂಡ್ರ ಬಾಯಿ ಉರೀತೈತ್ರಿ ಬಾಯಾರ. ಮನ್ಯಾಗ ಇಟಗೊಂಡ್ರ ನಿದ್ದಿ ಬರಂಗಿಲ್ಲ." ಕಿಟಕಿಯೊಳಗೆ ಕೈ ಚಾಚಿದಳು. "ನಿಮ್ಮ ಕೈಲೆ ಒಂದ ಕೊಡ್ರಿ. ನಿಮ್ಮ ಮುಂದ ನುಂಗತೀನಿ. ಮನಿಗೆ ಒಯ್ಯಂಗಿಲ್ಲ."

ಅಂದಿನಿಂದ ಪ್ರತಿ ಸೋಮವಾರ ಅವಳು ಬಸ್ಸಿನಲ್ಲಿ ಬರುತ್ತಾಳೆ. ಒಂದು ಗುಳಿಗೆಗಾಗಿ. ಫೋಲಿಕ್ ಗುಳಿಗೆಯೂ ಹಳದಿಯೆಂದು ಅದನ್ನು ಮನೆಗೆ ಒಯ್ಯಲು ಇನ್ನೂ ಒಪ್ಪಿಲ್ಲ. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು, ಸೊಸೆ ಕಟ್ಟಿಕೊಟ್ಟ ರೊಟ್ಟಿ ಬಿಚ್ಚಿ ಒಪ್ಪತ್ತಿನ ಊಟ ಮಾಡುತ್ತಾಳೆ. ಎರಡು ಗಂಟೆಗೆ ಸಾಲು ಕರಗಿದ ಮೇಲೆ ರೋಹಿಣಿ ಪಟ್ಟಿಯ ಹೆಸರು ಓದಿ ಹೇಳಿ, ಗುಳಿಗೆ ಕೈಗೆ ಹಾಕಿ, ಲೋಟದಲ್ಲಿ ನೀರು ಕೊಡುತ್ತಾರೆ. ಆಮೇಲೆ ರೂಢಿಯಂತೆ ಕೇಳುತ್ತಾರೆ.

"ಮತ್ತ ಯಾವಾಗ?"

"ಬರೂ ಸ್ವಾಮವಾರ."

"ನಡುವ?"

"ನಡುವ ಏನೂ ಇಲ್ರಿ. ನೀವ ಅದೀರಿ."

ಬೆರಳು ಸ್ವಲ್ಪ ಬಿಚ್ಚಿವೆ. ರೊಟ್ಟಿ ಇನ್ನೂ ಆಗುವುದಿಲ್ಲ.

ಬರುವ ಮಾರ್ಚಿಗೆ ರೋಹಿಣಿ ನಿವೃತ್ತರಾಗುತ್ತಾರೆ. ಅವರ ಜಾಗಕ್ಕೆ ಯಾರನ್ನು ತೆಗೆದುಕೊಳ್ಳುತ್ತಾರೆ ಎಂದು ಆಸ್ಪತ್ರೆ ಹೇಳಿಲ್ಲ. ಸೀಮಾ ಅರ್ಜಿ ಹಾಕಿದ್ದಾಳೆ, ಉತ್ತರ ಬಂದಿಲ್ಲ. ಸದ್ಯಕ್ಕೆ ಕಲಘಟಗಿಯ ಒಂದು ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ಸುಭಾಸ ಪಾಕೀಟಿನ ಮೇಲೆ ಹೆಸರು ಬರೆಯುತ್ತಾನೆ, ವಾರ ಕೇಳುತ್ತಾನೆ. ಮಹಾದೇವಕ್ಕ ಅವನ ಅಂಗಡಿಯ ಮುಂದಿನಿಂದಲೇ ಬಸ್ ಸ್ಟ್ಯಾಂಡಿಗೆ ನಡೆದುಹೋಗುತ್ತಾಳೆ. ಏಪ್ರಿಲ್ ತಿಂಗಳ ಮೊದಲ ಸೋಮವಾರ ಆ ಕಿಟಕಿಯಲ್ಲಿ ಯಾರು ಕೂತಿರುತ್ತಾರೆ, ಅವರ ಐನೂರು ತಾಸು ಎಲ್ಲಿ ಕಳೆದಿರುತ್ತವೆ ಎಂದು ನಾನು ಕೇಳಿದಾಗ ರೋಹಿಣಿ ಕಪಾಟು ಹಿಡಿದು ಎದ್ದರು. ಮೊಣಕಾಲು ನೀವಿಕೊಂಡರು.

ನಿಮಗೆ ಸಿಟ್ಟು ಬಂದಿದ್ದರೆ ಅದನ್ನು ಸುಭಾಸನ ಮೇಲೆ ತೀರಿಸಬೇಡಿ, ರೋಹಿಣಿಯ ಮೇಲೂ ಬೇಡ. ಕೇಳುವವರು ಇಲ್ಲದ ಕಡೆ ಸಹಿ ಹೀಗೇ ಬೀಳುತ್ತದೆ. ಕೇಳಬೇಕಾಗಿದ್ದವರು ನೀವು. ಹಾಗಾಗಿ ಇಂದು ಸಂಜೆ ನಿಮ್ಮ ಓಣಿಯ ಔಷಧ ಅಂಗಡಿಗೆ ಹೋಗಿ. ಚೌಕಟ್ಟಿನಲ್ಲಿರುವ ಹೆಸರಿನ ಮನುಷ್ಯ ಯಾರು, ಇಲ್ಲಿ ಇದ್ದಾನೆಯೇ ಎಂದು ಕೇಳಿ. ಅವನ ಐನೂರು ತಾಸು ಯಾವ ಆಸ್ಪತ್ರೆಯ ಯಾವ ಕಿಟಕಿಯಲ್ಲಿ ಕಳೆದವು ಎಂದು ಸಾಲಿನಲ್ಲಿರುವ ಎಲ್ಲರಿಗೂ ಕೇಳುವಂತೆ ಕೇಳಿ. ಹೆಸರಿಲ್ಲದ ತುಂಡು ಕೊಟ್ಟರೆ ಅಲ್ಲೇ ವಾಪಸು ಇಡಿ. ಅವನು ಹೇಳಿದ್ದನ್ನು ನೀವು ತಿರುಗಿ ಹೇಳದೆ, ಅವನು ಹೌದು ಎನ್ನದೆ, ಆ ಕಟ್ಟೆ ಬಿಟ್ಟು ಕದಲಬೇಡಿ.